ಕರು ಹಾಕುವ ಹೊತ್ತಿಗೆ ಆಕಳ ಯಕೃತ್ತು: ಯಾವ ಪೂರಕ, ಯಾವಾಗ?

ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರು ಕಾಫಿ, ಅಡಿಕೆಯ ಜೊತೆಗೆ ಒಂದೆರಡು ಮಿಶ್ರತಳಿ ಆಕಳುಗಳನ್ನು ಸಾಕಿಕೊಂಡಿರುವುದು ಸರಿಯಷ್ಟೆ. ಹಾಲಿನ ಹಣ ವಾರದ ಖರ್ಚಿಗೆ, ಗೊಬ್ಬರ ತೋಟಕ್ಕೆ ಎಂಬ ಲೆಕ್ಕದಲ್ಲಿ ನಡೆಯುವ ಈ ಉಪಕಸುಬಿನಲ್ಲಿ ದೊಡ್ಡ ನಷ್ಟ ಆಗುವುದಾದರೆ ಹೆಚ್ಚಾಗಿ ಕರು ಹಾಕಿದ ಮೊದಲ ತಿಂಗಳಲ್ಲೇ ಆಗುತ್ತದೆ. ಹಾಲುಜ್ವರ, ಮಾಸು ಬೀಳದಿರುವುದು, ಮೇವು ಬಿಡುವುದು, ಕೆಚ್ಚಲು ಬಾವು ಇವೆಲ್ಲ ಒಂದರ ಹಿಂದೆ ಒಂದು ಬರುತ್ತವೆ. ಆಗ ನಾವು ಪೇಟೆಗೆ ಓಡಿ ಡಬ್ಬಿ, ಸೀಸೆಗಳನ್ನು ತರುತ್ತೇವೆ. ಈ ಡಬ್ಬಿಗಳಲ್ಲಿ ಯಾವುದು ಏನು ಕೆಲಸ ಮಾಡುತ್ತದೆ, ಯಾವಾಗ ಕೊಟ್ಟರೆ ಮಾಡುತ್ತದೆ ಎಂಬುದನ್ನು ತಿಳಿಯದೆ ಹಣ ಕಳೆದುಕೊಳ್ಳುವವರೇ ಹೆಚ್ಚು. ನಾವೂ ಕಳೆದುಕೊಂಡವರೇ ಆದ್ದರಿಂದ ಈ ಬಾರಿ ಅದೇ ವಿಷಯವನ್ನು ಎತ್ತಿಕೊಂಡಿದ್ದೇವೆ.

ಇದಕ್ಕೆ ಪ್ರೇರಣೆಯಾದದ್ದು ಹುಳಿಮಾವಿನ ಒಂದು ಆಕಳು. ಸಂಘದ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದಾಗ ನಾವು ಬನ್ನೇರುಘಟ್ಟ ರಸ್ತೆಯ ಆ ಊರಿನಲ್ಲಿ ಬಂಧುಗಳ ಮನೆಯಲ್ಲಿ ಇಳಿದುಕೊಂಡಿದ್ದೆವು. ಹುಳಿಮಾವು ಈಗ ಹೆಸರಿಗಷ್ಟೇ ಹಳ್ಳಿ. ಕೆರೆಯ ಸುತ್ತ ಬಹುಮಹಡಿ ಕಟ್ಟಡಗಳು ಎದ್ದಿವೆ. ಆದರೂ ಹಳೆಯ ಊರಿನ ಓಣಿಯೊಂದರಲ್ಲಿ ನಾಲ್ಕು ಕಪ್ಪುಬಿಳಿ ಆಕಳುಗಳನ್ನು ಕಟ್ಟಿಕೊಂಡು ಮನೆಮನೆಗೆ ಹಾಲು ಹಾಕುವವರೊಬ್ಬರು ಇದ್ದರು. ಅವುಗಳಲ್ಲಿ ಒಂದು ಕರು ಹಾಕಿ ಒಂಬತ್ತು ದಿನವಾಗಿತ್ತು. ಹಿಂದಿನ ಸೂಲಿನಲ್ಲಿ ದಿನಕ್ಕೆ 18 ಲೀಟರ್ ಕೊಟ್ಟ ಆಕಳು ಈಗ 6 ಲೀಟರಿಗೆ ಇಳಿದಿತ್ತು. ಜ್ವರವಿಲ್ಲ, ಮಾಸು ಸರಿಯಾಗಿ ಬಿದ್ದಿದೆ. ಹುಲ್ಲನ್ನು ಒಂದಿಷ್ಟು ಕಡಿಯುತ್ತದೆ, ಹಿಂಡಿಯ ಬಾನಿಗೆ ಮಾತ್ರ ಮೂತಿಯನ್ನೇ ಇಡುವುದಿಲ್ಲ. ಕಿಟಕಿಯ ಮೇಲೆ ಲಿವರ್ ಟಾನಿಕ್ಕಿನ ಮೂರು ಸೀಸೆಗಳು, ಎರಡು ಖಾಲಿ.

ಪಶುವೈದ್ಯರು ಬಂದರು. ಆಕಳ ಉಸಿರನ್ನು ಮೂಸಿ ನೋಡಿದರು. ಹಣ್ಣು ಕೊಳೆತಂಥ ಸಿಹಿ ವಾಸನೆ ನಮಗೂ ತಿಳಿಯಿತು. ಮೂತ್ರದ ನಾಲ್ಕು ಹನಿಯನ್ನು ಒಂದು ಪುಡಿಯ ಮೇಲೆ ಹಾಕಿದ ಕೂಡಲೇ ನೇರಳೆ ಬಣ್ಣ ಏರಿತು. ಕೀಟೋಸಿಸ್. ಅವರು ಮೊದಲು ಕೇಳಿದ ಪ್ರಶ್ನೆ ಔಷಧದ ಬಗ್ಗೆ ಆಗಿರಲಿಲ್ಲ: "ಬತ್ತಿಸಿ ಎಷ್ಟು ತಿಂಗಳಾಗಿತ್ತು?" ಐದು ತಿಂಗಳು. ಬೆದೆ ತಪ್ಪಿ ತಪ್ಪಿ ತಡವಾಗಿ ಗಬ್ಬ ನಿಂತ ಆಕಳು ಅದು. ಹಾಲಿಲ್ಲದ ಆ ಐದು ತಿಂಗಳೂ ಬಿಯರ್ ಕಾರ್ಖಾನೆಯ ಬೂಸಾ, ಮಾರುಕಟ್ಟೆಯ ತರಕಾರಿ, ಹಿಂಡಿ ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಬಾಲದ ಬುಡದಲ್ಲಿ ಕೊಬ್ಬಿನ ಗುಳಿಗಳು ಬಿದ್ದಿದ್ದವು. ನೋಡಿದವರೆಲ್ಲ ಚೆನ್ನಾಗಿ ಸಾಕಿದ್ದೀಯೆಂದು ಹೊಗಳಿದ್ದರಂತೆ.

ನಮಗೆ ಆ ಮಾತು ಚುಚ್ಚಿತು. ಕೆಲವು ವರ್ಷಗಳ ಹಿಂದೆ ನಮ್ಮ ಕೊಟ್ಟಿಗೆಯಲ್ಲಿಯೂ ಹೀಗೆಯೇ ಮೈತುಂಬಿಕೊಂಡಿದ್ದ ಆಕಳೊಂದು ಜನವರಿಯಲ್ಲಿ ಕರು ಹಾಕಿತು. ಕಾಫಿ ಕೊಯ್ಲು ಜೋರಾಗಿ ನಡೆದಿದ್ದ ಕಾಲ. ಮನೆಯವರೆಲ್ಲ ಕಣದಲ್ಲಿ. ಆಕಳು ಮೇವು ಬಿಟ್ಟಿದೆಯೆಂದು ನಾವು ಗಮನಿಸಿದ್ದು ಐದನೆಯ ದಿನ. ಹದಿನೈದನೆಯ ದಿನ ಅದು ಏಳಲಿಲ್ಲ. ಕೊಯ್ದು ನೋಡಿದ ವೈದ್ಯರು ತೋರಿಸಿದ ಯಕೃತ್ತು ಕೆಂಪಗಿರಲಿಲ್ಲ. ಹಳದಿ ಬಣ್ಣ, ಊದಿದ ಅಂಚು, ಬೆರಳಿಟ್ಟರೆ ಬೆಣ್ಣೆಯಂತೆ ಜಾರುವ ಮೈ.

ಆಕಳ ಯಕೃತ್ತು, ಆಡುಮಾತಿನ ಈಲಿ, ಹೀಗೇಕೆ ಆಗುತ್ತದೆಂದು ತಿಳಿಯಬೇಕಾದರೆ ಮೊದಲು ಸಕ್ಕರೆಯ ಲೆಕ್ಕ ನೋಡಬೇಕು. ನಾವು ಅನ್ನ ಉಂಡರೆ ಅದರ ಪಿಷ್ಟ ಕರುಳಿನಲ್ಲಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಆಕಳಿನಲ್ಲಿ ಹಾಗಲ್ಲ. ಅದರ ಮೊದಲ ಹೊಟ್ಟೆಯಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲು, ಬೂಸಾ, ಬೆಲ್ಲ ಎಲ್ಲವನ್ನೂ ಹುಳಿಸಿ ಮೂರು ಬಗೆಯ ಆಮ್ಲಗಳನ್ನಾಗಿ ಮಾಡುತ್ತವೆ: ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್. ಸಿದ್ಧ ಗ್ಲೂಕೋಸು ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಬೇಕಾದುದನ್ನು ಯಕೃತ್ತೇ ತಯಾರಿಸಬೇಕು, ಮುಖ್ಯವಾಗಿ ಪ್ರೊಪಿಯಾನಿಕ್ ಆಮ್ಲದಿಂದ. ಒಂದು ಲೀಟರ್ ಹಾಲಿಗೆ ಸುಮಾರು 72 ಗ್ರಾಂ ಗ್ಲೂಕೋಸ್ ಬೇಕು. 15 ಲೀಟರ್ ಕರೆಯುವ ಆಕಳ ಯಕೃತ್ತು ಹಾಲಿಗೆಂದೇ ದಿನಕ್ಕೆ ಒಂದು ಕಿಲೋಗೂ ಮಿಕ್ಕಿ ಗ್ಲೂಕೋಸ್ ಒದಗಿಸಬೇಕಾಯಿತು. ದಿನಕ್ಕೆ ಎರಡು ಮೂರು ಲೀಟರ್ ಕೊಡುವ ನಮ್ಮ ಮಲೆನಾಡು ಗಿಡ್ಡಕ್ಕೆ ಈ ಕಾಯಿಲೆ ಬಂದದ್ದನ್ನು ನಾವು ಕಂಡಿಲ್ಲ. ಅದಕ್ಕೆ ಕಾರಣವೂ ಈ ಲೆಕ್ಕದಲ್ಲೇ ಇದೆ.

ಬಾಣಂತಿ ಆಕಳಿಗೆ ಬೆಲ್ಲ ಕೊಟ್ಟರೆ ಶಕ್ತಿ ಬರುತ್ತದೆಂಬ ನಮ್ಮ ನಂಬಿಕೆಯನ್ನು ಇಲ್ಲಿಯೇ ತಿದ್ದಿಕೊಳ್ಳಬೇಕು. ಬೆಚ್ಚಗಿನ ನೀರಿಗೆ ಎರಡು ಹಿಡಿ ಬೆಲ್ಲ ಕದಡಿ ಕುಡಿಸಿದರೆ ನೀರು ಹೆಚ್ಚು ಕುಡಿಯುತ್ತದೆ, ಅಷ್ಟು ಒಳ್ಳೆಯದೇ. ಆದರೆ ಅದು ಗ್ಲೂಕೋಸಾಗಿ ರಕ್ತಕ್ಕೆ ಹೋಗುವುದಿಲ್ಲ, ಹೊಟ್ಟೆಯಲ್ಲೇ ಹುಳಿಯುತ್ತದೆ. ಕಿಲೋಗಟ್ಟಲೆ ಬೆಲ್ಲ, ಬಾನಿ ತುಂಬ ಅಕ್ಕಿ ಗಂಜಿ ಕೊಟ್ಟರೆ ಹೊಟ್ಟೆಯ ಹುಳಿ ಮಿತಿಮೀರಿ ಇರುವ ಮೇವಿನ ಆಸೆಯೂ ಹೋಗುತ್ತದೆ.

ಇನ್ನು ತೊಂದರೆಯ ಮೂಲಕ್ಕೆ ಬರೋಣ. ಗಬ್ಬದ ಕೊನೆಯ ಮೂರು ವಾರಗಳಲ್ಲಿ ಆಕಳ ಹಸಿವು ತಾನಾಗಿ ಕುಗ್ಗುತ್ತಾ ಬಂದು, ಕರು ಹಾಕುವ ದಿನದ ಹೊತ್ತಿಗೆ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಗಬಹುದು. ಕರು ಬಿದ್ದ ಮರುದಿನದಿಂದ ಹಾಲು ಏರತೊಡಗುತ್ತದೆ. ಹಸಿವು ಮಾತ್ರ ಅದರ ಹಿಂದೆ ವಾರಗಟ್ಟಲೆ ತಡವಾಗಿ ಕುಂಟುತ್ತಾ ಬರುತ್ತದೆ. ವರಮಾನಕ್ಕಿಂತ ಖರ್ಚು ಹೆಚ್ಚಾದಾಗ ನಾವು ಠೇವಣಿ ಮುರಿಯುವಂತೆ ಆಕಳು ತನ್ನ ಮೈಯ ಕೊಬ್ಬನ್ನು ಕರಗಿಸುತ್ತದೆ. ಇದು ಸ್ವಭಾವ, ಎಲ್ಲ ಹಾಲಿನ ಆಕಳುಗಳಲ್ಲಿಯೂ ಸ್ವಲ್ಪ ನಡೆಯುವಂಥದು. ಕರಗಿದ ಕೊಬ್ಬು ರಕ್ತದ ಮೂಲಕ ಯಕೃತ್ತಿಗೆ ಬರುತ್ತದೆ. ಅಲ್ಲಿ ಅದಕ್ಕೆ ಮೂರು ದಾರಿ. ಪೂರ್ತಿ ಉರಿದು ಶಕ್ತಿಯಾಗಬಹುದು. ಅರ್ಧ ಉರಿದು ಕೀಟೋನ್ ಎಂಬ ವಸ್ತುಗಳಾಗಬಹುದು, ಉಸಿರಿಗೆ ಆ ವಾಸನೆ ತರುವುದು ಇವೇ. ಇಲ್ಲವೆ ಪೊಟ್ಟಣ ಕಟ್ಟಿ ಮತ್ತೆ ರಕ್ತಕ್ಕೆ ಬಿಡಬಹುದು. ಆಕಳ ಯಕೃತ್ತಿಗೆ ಈ ಪೊಟ್ಟಣ ಕಟ್ಟುವ ಕೆಲಸ ಬಹಳ ನಿಧಾನ. ಬರುವ ಲಾರಿಗಳು ಹೆಚ್ಚು, ಹೊರಡುವ ಲಾರಿ ಕಡಿಮೆಯಾದಾಗ ಗೋದಾಮಿನಲ್ಲಿ ಸರಕು ತುಂಬುವಂತೆ ಕೊಬ್ಬು ಯಕೃತ್ತಿನಲ್ಲೇ ಉಳಿಯುತ್ತದೆ. ಹಾಗೆ ತುಂಬಿದ ಯಕೃತ್ತು ಗ್ಲೂಕೋಸ್ ತಯಾರಿಕೆಯಲ್ಲಿಯೂ ಹಿಂದೆ ಬೀಳುತ್ತದೆ. ಗ್ಲೂಕೋಸ್ ಕಡಿಮೆಯಾದರೆ ಇನ್ನಷ್ಟು ಕೊಬ್ಬು ಕರಗುತ್ತದೆ. ರೋಗ ತಡೆಯುವ ಬಲವೂ ಇಳಿದು ಗರ್ಭಕೋಶದ ಸೋಂಕು, ಕೆಚ್ಚಲು ಬಾವು ಹಿಂಬಾಲಿಸುತ್ತವೆ.

ಹೆಚ್ಚು ಕೊಬ್ಬಿರುವ ಆಕಳಿಗೆ ಇದು ಹೆಚ್ಚು ಬಾಧಿಸಲು ಎರಡು ಕಾರಣ. ಅದರ ಹಸಿವು ಬೇರೆ ಆಕಳುಗಳಿಗಿಂತ ಹೆಚ್ಚು ಕುಗ್ಗುತ್ತದೆ, ಕರಗಲು ಕೊಬ್ಬಿನ ದಾಸ್ತಾನೂ ಹೆಚ್ಚು ಇರುತ್ತದೆ. ಯಕೃತ್ತಿನಲ್ಲಿ ಕೊಬ್ಬು ಸೇರುವುದು ಕರು ಹಾಕುವ ದಿನದ ಆಸುಪಾಸಿನಲ್ಲೇ ಆರಂಭವಾಗುತ್ತದೆ. ಆಕಳು ಮೇವು ಬಿಟ್ಟಾಗ ಟಾನಿಕ್ ತರಲು ಹೊರಟರೆ ನಾವು ಎರಡು ವಾರ ತಡವಾಗಿರುತ್ತೇವೆ. ಹುಳಿಮಾವಿನ ಸೀಸೆಗಳು ಕೆಲಸ ಮಾಡದ್ದಕ್ಕೆ ಇದೊಂದು ಕಾರಣ. ಆ ಸೀಸೆಗಳಲ್ಲಿ ಏನಿತ್ತೆಂಬುದು ಇನ್ನೊಂದು ಪ್ರಶ್ನೆ.

ಡೇರಿಗೆ ಹಾಲು ಹಾಕುವವರು ಗಮನಿಸಬೇಕಾದ ಒಂದು ಗುರುತಿದೆ. ಮಿಶ್ರತಳಿ ಆಕಳು ಕರು ಹಾಕಿದ ಎರಡನೆಯ ವಾರ ಫ್ಯಾಟ್ 5ಕ್ಕೆ ಏರಿದರೆ ನಾವು ಹಿಗ್ಗುತ್ತೇವೆ, ದರ ಹೆಚ್ಚು ಸಿಗುತ್ತದೆಂದು. ಅದು ಮೇವಿನಿಂದ ಬಂದ ಫ್ಯಾಟ್ ಅಲ್ಲದೆ ಮೈಯಿಂದ ಕರಗಿ ಬಂದದ್ದೂ ಆಗಿರಬಹುದು. ಹಾಲಿನ ಪ್ರೋಟೀನಿಗಿಂತ ಫ್ಯಾಟ್ 1.4 ಪಟ್ಟು ಮೀರಿದರೆ ಕೀಟೋಸಿಸ್ ಇದೆಯೇ ಎಂದು ಪರೀಕ್ಷೆ ಮಾಡಿಸಬೇಕು. ಬೆರಳಿಗೆ ಚುಚ್ಚಿ ಸಕ್ಕರೆ ನೋಡುವಂಥ ಸಣ್ಣ ಮೀಟರಿನಲ್ಲಿ ಕೀಟೋನನ್ನೂ ಅಳೆಯುತ್ತಾರೆ. 1.2 ಮೀರಿದರೆ, ಆಕಳು ಹೊರನೋಟಕ್ಕೆ ಚೆನ್ನಾಗಿದ್ದರೂ, ಒಳಗೆ ಕಾಯಿಲೆ ಆರಂಭವಾಗಿದೆಯೆಂದೇ ಅರ್ಥ.

ಈಗ ಡಬ್ಬಿಗಳ ವಿಚಾರ. ಕೋಲೀನ್ ಎಂಬ ಪೋಷಕಾಂಶದ ಹೆಸರು ಇತ್ತೀಚೆಗೆ ಎಲ್ಲ ಚೀಟಿಗಳಲ್ಲಿಯೂ ಕಾಣುತ್ತಿದೆ. ಯಕೃತ್ತು ಕೊಬ್ಬಿನ ಪೊಟ್ಟಣ ಕಟ್ಟಲು ಬೇಕಾದ ಹೊದಿಕೆಗೆ ಕೋಲೀನ್ ಅವಶ್ಯ. ಆದ್ದರಿಂದ ಅದಕ್ಕೆ ಗುಣವಿರುವುದು ನಿಜ. ಆದರೆ ಬರಿಯ ಕೋಲೀನ್ ಕ್ಲೋರೈಡ್ ಪುಡಿಯನ್ನೋ ದ್ರವವನ್ನೋ ಆಕಳಿಗೆ ಕುಡಿಸಿದರೆ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಬಹುಪಾಲು ತಿಂದು ಮುಗಿಸುತ್ತವೆ. ಕೊಬ್ಬಿನ ಲೇಪ ಕೊಟ್ಟು ಆ ಹೊಟ್ಟೆಯನ್ನು ದಾಟುವಂತೆ ಮಾಡಿದ ಕೋಲೀನ್ ಮಾತ್ರ ಯಕೃತ್ತನ್ನು ಮುಟ್ಟುತ್ತದೆ. ಕೋಳಿಗೆ ಕೊಡುವ ಲಿವರ್ ಟಾನಿಕ್ ಆಕಳಿಗೆ ನಾಟದಿರುವುದಕ್ಕೆ ಇದೇ ಕಾರಣ. ಲೇಪವುಳ್ಳದ್ದನ್ನು ಕರು ಹಾಕುವ ಮೂರು ವಾರ ಮುಂಚಿನಿಂದ ಮೂರು ವಾರ ನಂತರದವರೆಗೆ ದಿನಕ್ಕೆ ಸುಮಾರು 60 ಗ್ರಾಂನಂತೆ ಕೊಡುವುದು ವಾಡಿಕೆ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾನಿಲಯದವರು ಇಂತಹ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಹಾಲು ಹೆಚ್ಚಿದ್ದು ಕಂಡಿದೆ. ಅವು ನಮ್ಮ ಆಕಳುಗಳ ಎರಡು ಮೂರು ಪಟ್ಟು ಹಾಲು ಕೊಡುವ ಆಕಳುಗಳೆಂಬುದನ್ನು ಮರೆಯಬಾರದು. 20 ಲೀಟರಿನ ಆಸುಪಾಸಿನ ಆಕಳಿಗೆ, ಅಥವಾ ಈಗಾಗಲೇ ಮೈ ಬಂದುಬಿಟ್ಟ ಆಕಳಿಗೆ ಕೋಲೀನಿಗೆ ಖರ್ಚು ಮಾಡಬಹುದು. 8 ಲೀಟರಿನ ಆಕಳಿಗೆ ಆ ಹಣದಲ್ಲಿ ಒಳ್ಳೆಯ ಹಿಂಡಿ ಕೊಡಿಸುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಮೆಥಿಯೊನಿನ್ ಎಂಬ ಪ್ರೋಟೀನ್ ಅಂಶದ ಕಥೆಯೂ ಹೀಗೆಯೇ, ಲೇಪವಿದ್ದರೆ ಸರಿ. ನಯಾಸಿನ್ ವಿಟಮಿನ್ ಕೊಬ್ಬು ಕರಗುವುದನ್ನು ತಡೆಯುತ್ತದೆಂದು ಹೇಳುತ್ತಾರೆ. ಪ್ರಯೋಗಗಳ ಫಲಿತಾಂಶ ಒಮ್ಮೆ ಹಾಗೆ, ಒಮ್ಮೆ ಹೀಗೆ. ಬೈಪಾಸ್ ಫ್ಯಾಟನ್ನು ಅನೇಕರು ಕರು ಹಾಕುವ ಮೊದಲೇ ಆರಂಭಿಸುತ್ತಾರೆ. ಕೊಬ್ಬಿನಿಂದಲೇ ಒದ್ದಾಡುತ್ತಿರುವ ಯಕೃತ್ತಿಗೆ ಅದರಿಂದ ನೆರವಾಗದು, ಇರುವ ಹಸಿವೂ ಕುಗ್ಗಬಹುದು. ಆಕಳು ಚೆನ್ನಾಗಿ ಮೇಯತೊಡಗಿದ ಮೇಲೆ, ಮೂರು ನಾಲ್ಕು ವಾರ ಕಳೆದು ಕೊಟ್ಟರೆ ಸಾರ್ಥಕ.

ಕೀಟೋಸಿಸ್ ಬಂದೇಬಿಟ್ಟರೆ ನಿಜವಾಗಿ ಕೆಲಸಕ್ಕೆ ಬರುವುದು ಪ್ರೊಪಿಲೀನ್ ಗ್ಲೈಕಾಲ್. ಇದು ಯಕೃತ್ತಿಗೆ ಗ್ಲೂಕೋಸ್ ತಯಾರಿಸಲು ಬೇಕಾದ ಕಚ್ಚಾವಸ್ತುವಾಗಿ ಒದಗುತ್ತದೆ. ವೈದ್ಯರು ಸಾಮಾನ್ಯವಾಗಿ ದಿನಕ್ಕೆ ಒಮ್ಮೆ 300 ಮಿ.ಲೀ.ನಂತೆ ಐದು ದಿನ ಕುಡಿಸಲು ಹೇಳುತ್ತಾರೆ. ಹುಳಿಮಾವಿನ ಆಕಳಿಗೂ ನಾಳದ ಮೂಲಕ ಗ್ಲೂಕೋಸ್ ಕೊಟ್ಟು, ಅನಂತರ ಇದನ್ನೇ ಕುಡಿಸಿದರು. ಆಕಳ ತಲೆಯನ್ನು ಮೇಲೆತ್ತಿ ಗಟಗಟನೆ ಸುರಿಯಬಾರದು, ಶ್ವಾಸಕೋಶಕ್ಕೆ ಹೋದರೆ ಕೀಟೋಸಿಸ್‌ಗಿಂತ ಬೇಗ ಸಾಯುತ್ತದೆ. ಹೆಸರಿನಲ್ಲಿಯೂ ಎಚ್ಚರಿಕೆ ಬೇಕು. ಜೀಪಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ಬೇರೆ, ಅದು ವಿಷ.

ಎಲ್ಲಕ್ಕಿಂತ ಅಗ್ಗವಾದ ಪೂರಕವನ್ನು ನಾವು ಯಕೃತ್ತಿನ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಅದು ಖನಿಜ ಮಿಶ್ರಣ. ಪ್ರೊಪಿಯಾನಿಕ್ ಆಮ್ಲವನ್ನು ಗ್ಲೂಕೋಸ್ ಮಾಡಲು ಯಕೃತ್ತಿಗೆ ವಿಟಮಿನ್ ಬಿ12 ಬೇಕು. ಆ ಬಿ12 ಅನ್ನು ಹೊಟ್ಟೆಯ ಸೂಕ್ಷ್ಮಜೀವಿಗಳು ಕೋಬಾಲ್ಟ್ ಎಂಬ ಖನಿಜದಿಂದ ತಯಾರಿಸುತ್ತವೆ. ಕೋಬಾಲ್ಟ್ ಇಲ್ಲದಿದ್ದರೆ ಎಷ್ಟು ಹಿಂಡಿ ತಿಂದರೂ ಪೂರ್ತಿ ಪ್ರಯೋಜನವಿಲ್ಲ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣದಲ್ಲಿ ಈ ಕೆಲಸ ಮುಗಿಯುತ್ತದೆ. ಹುಳಿಮಾವಿನಿಂದ ಬನ್ನೇರುಘಟ್ಟ ರಸ್ತೆಯಲ್ಲೇ ನಗರದ ಕಡೆಗೆ ಬಂದರೆ ಡೇರಿ ಸರ್ಕಲ್, ಅದರ ಪಕ್ಕದಲ್ಲಿ ಆಡುಗೋಡಿ. ಅಲ್ಲಿ 1995ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಇದೆ. ಒಂದೊಂದು ಪ್ರದೇಶದ ಮಣ್ಣು, ಮೇವುಗಳಲ್ಲಿ ಯಾವ ಖನಿಜ ಕೊರತೆಯಿದೆಯೆಂದು ನೋಡಿ ಅದಕ್ಕೆ ತಕ್ಕ ಮಿಶ್ರಣವನ್ನು ರೂಪಿಸಿದವರು ಇವರು. ನಮ್ಮ ಅಡಿಕೆ ಹಾಳೆಯನ್ನು ಒಣಮೇವಾಗಿ ಬಳಸುವ ಬಗ್ಗೆಯೂ ಅಲ್ಲಿ ಪರೀಕ್ಷೆಗಳು ನಡೆದಿವೆ. ಆಡುಗೋಡಿಗೆ ಹೈನಿನ ನಂಟು ಹಳೆಯದು. 1923ರಲ್ಲಿ ಇಲ್ಲಿ ಇಂಪೀರಿಯಲ್ ಪಶುಪಾಲನಾ ಮತ್ತು ಹೈನುಗಾರಿಕಾ ಸಂಸ್ಥೆ ಆರಂಭವಾಯಿತು. ವಿಶ್ರಾಂತಿಗೆಂದು ಬೆಂಗಳೂರಿಗೆ ಬಂದಿದ್ದ ಗಾಂಧೀಜಿ 1927ರಲ್ಲಿ ಅಲ್ಲಿಗೆ ಹೋಗಿ ಆಕಳು ಸಾಕಣೆಯ ಪಾಠ ಕೇಳಿದ್ದರು. 1955ರಲ್ಲಿ ಮುಖ್ಯ ಸಂಸ್ಥೆ ಕರ್ನಾಲಿಗೆ ಹೋಯಿತು, ದಕ್ಷಿಣದ ಶಾಖೆ ಇಲ್ಲಿ ಉಳಿಯಿತು.

ಕ್ಯಾಲ್ಸಿಯಂ ವಿಷಯದಲ್ಲಿ ನಮ್ಮ ರೂಢಿ ತಿರುಗುಮುರುಗಾಗಿದೆ. ಹಾಲುಜ್ವರದ ಭಯಕ್ಕೆ ಬತ್ತಿದ ಆಕಳಿಗೆ ಸೀಸೆಗಟ್ಟಲೆ ಕ್ಯಾಲ್ಸಿಯಂ ಕುಡಿಸುತ್ತೇವೆ. ಹೊರಗಿನಿಂದ ಧಾರಾಳವಾಗಿ ಬರುತ್ತಿದ್ದರೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವ ಏರ್ಪಾಟು ನಿದ್ದೆ ಹೋಗುತ್ತದೆ. ಗಿಣ್ಣು ಇಳಿಯುವ ದಿನ ಒಮ್ಮೆಗೇ ಬೇಡಿಕೆ ಬಂದಾಗ ಅದು ಏಳುವುದಿಲ್ಲ. ಆದ್ದರಿಂದ ಖನಿಜ ಮಿಶ್ರಣ ಸಾಕು, ಹೆಚ್ಚುವರಿ ಕ್ಯಾಲ್ಸಿಯಂ ಕರು ಹಾಕಿದ ದಿನದಿಂದ. ನಮ್ಮ ಬೆಳೆಗಾರರಿಗೇ ವಿಶೇಷವಾದ ಇನ್ನೊಂದು ತಪ್ಪು, ಸಗಣಿ ಗಂಜಲವನ್ನೂ ಪೊಟ್ಯಾಷ್ ಗೊಬ್ಬರವನ್ನೂ ಸುರಿದು ಬೆಳೆಸಿದ ಎಳೆಯ ನೇಪಿಯರ್ ಹುಲ್ಲನ್ನು ತುಂಬು ಗಬ್ಬದ ಆಕಳಿಗೆ ಹೊಟ್ಟೆ ತುಂಬ ಹಾಕುವುದು. ಆ ಹುಲ್ಲಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಅದು ಹಾಲುಜ್ವರವನ್ನು ಕರೆತರುತ್ತದೆ. ಕೊನೆಯ ಮೂರು ವಾರ ಅದನ್ನು ಅರ್ಧಕ್ಕಿಳಿಸಿ ಭತ್ತದ ಅಥವಾ ರಾಗಿಯ ಹುಲ್ಲನ್ನು ಸೇರಿಸಬೇಕು. ಇದಕ್ಕೂ ಯಕೃತ್ತಿಗೂ ಏನು ಸಂಬಂಧವೆಂದರೆ, ಕ್ಯಾಲ್ಸಿಯಂ ಇಳಿದ ಆಕಳ ಹೊಟ್ಟೆ, ಕರುಳು ಮಂದವಾಗುತ್ತವೆ. ಮೇಯದ ಆಕಳು ಕೊಬ್ಬು ಕರಗಿಸುತ್ತದೆ. ಹಾಲುಜ್ವರದಿಂದ ಎದ್ದ ಆಕಳು ಮುಂದಿನ ವಾರ ಕೀಟೋಸಿಸ್‌ಗೆ ಬೀಳುವುದು ಅದಕ್ಕೇ.

ಯಕೃತ್ತಿಗೆ ನಮ್ಮ ತೋಟಗಳಿಂದಲೇ ಬರುವ ಹೊರೆಗಳೂ ಇವೆ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಕಡಲೆ ಹಿಂಡಿ, ಮೆಕ್ಕೆಜೋಳಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರುತ್ತದೆ, ಅದು ನೇರವಾಗಿ ಯಕೃತ್ತನ್ನೇ ಕೆಡಿಸುತ್ತದೆ. ಬಿಸಿಲಿಗೆ ಒಣಗಿಸಿದರೆ ಬೂಷ್ಟು ಕಾಣದಿರಬಹುದು, ವಿಷ ಅಷ್ಟಕ್ಕೆ ಹೋಗುವುದಿಲ್ಲ. ಬೇಲಿಯ ಲಂಟಾನ ತಿಂದ ಆಕಳಿಗೂ ಯಕೃತ್ತೇ ಕೆಡುವುದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ನಂತರ ಬಿದ್ದ ಹಾಳೆಯಲ್ಲಿ, ಬುಡದ ಹುಲ್ಲಿನಲ್ಲಿ ಮೈಲುತುತ್ತದ ನೀಲಿ ಉಳಿದಿರುತ್ತದೆ. ತಾಮ್ರ ಕೂಡಿಕೊಳ್ಳುವ ಜಾಗ ಯಕೃತ್ತು. ಆಕಳು ಕುರಿಯಷ್ಟು ಸೂಕ್ಷ್ಮವಲ್ಲ ನಿಜ, ಆದರೂ ನೀಲಿ ಕಾಣುವ ಹಾಳೆಯನ್ನು ಗಬ್ಬದ ಆಕಳಿಗೆ ಹಾಕಬೇಡಿ. ಕಾಫಿ ಸಿಪ್ಪೆಯೂ ಈ ಕಾಲಕ್ಕೆ ತಕ್ಕದ್ದಲ್ಲ. ಅದರಲ್ಲಿರುವ ಕೆಫೀನ್ ಮತ್ತು ಒಗರು ಹಸಿವನ್ನು ಕುಗ್ಗಿಸುತ್ತವೆ.

ಹಾಗಾದರೆ ಮಾಡಬೇಕಾದ್ದೇನು? ಗಬ್ಬ ನಿಂತ ದಿನದಿಂದ 280 ದಿನ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದಕ್ಕೆ 60 ದಿನ ಮುಂಚೆ ಬತ್ತಿಸಿರಿ. ಮೈಯನ್ನು ಅಂಗೈಯಿಂದ ನೋಡಿರಿ. ಪಕ್ಕೆಲುಬುಗಳು ಕಣ್ಣಿಗೆ ಎದ್ದು ಕಾಣಬಾರದು, ಒತ್ತಿದರೆ ಒಂದೊಂದಾಗಿ ಕೈಗೆ ಸಿಗಬೇಕು. ಬಾಲದ ಬುಡದ ಪಕ್ಕದಲ್ಲಿ ಸ್ವಲ್ಪ ತಗ್ಗು ಉಳಿದಿರಬೇಕು. ವೈದ್ಯರ ಐದು ಅಂಕದ ಅಳತೆಯಲ್ಲಿ ಇದು 3ರಿಂದ 3.5. ಅಧಿಕವಿದ್ದರೆ ಬತ್ತಿದ ಕಾಲದಲ್ಲಿ ಇಳಿಸಲು ಹೋಗಬೇಡಿ. ಉಪವಾಸ ಕೆಡವಿದರೆ ಆಗಲೇ ಕೊಬ್ಬು ಕರಗಿ ಯಕೃತ್ತಿಗೆ ನುಗ್ಗುತ್ತದೆ. ಸರಿಪಡಿಸುವ ಕಾಲ ಅದಕ್ಕೂ ಹಿಂದೆ, ಹಾಲು ಇಳಿಯುತ್ತಿರುವಾಗ ಹಿಂಡಿಯನ್ನೂ ಇಳಿಸುವುದರಲ್ಲಿದೆ.

ಬತ್ತಿದ ಮೊದಲ ಐದಾರು ವಾರ ಹುಲ್ಲು ಧಾರಾಳ, ಹಿಂಡಿ ಒಂದು ಕಿಲೋದಷ್ಟು. ಕೊನೆಯ ಮೂರು ವಾರ ಹಿಂಡಿಯನ್ನು ಮೆಲ್ಲಗೆ ಎರಡೂವರೆ ಕಿಲೋಗೆ ಏರಿಸಬೇಕು. ಹೊಟ್ಟೆಯ ಸೂಕ್ಷ್ಮಜೀವಿಗಳು ಹೊಸ ಆಹಾರಕ್ಕೆ ಹೊಂದಿಕೊಳ್ಳಲು ಅಷ್ಟು ದಿನ ಬೇಕು. ಹಳೆಯ ಕೈಪಿಡಿಗಳಲ್ಲಿ ಈ ಸಮಯದಲ್ಲಿ ತಿಂದಷ್ಟೂ ಹಿಂಡಿ ಕೊಡಿ ಎಂದಿರುತ್ತಿತ್ತು, ನಾವೂ ಹಾಗೆಯೇ ಕೊಡುತ್ತಿದ್ದೆವು. ಅದನ್ನು ಈಗ ಯಾರೂ ಹೇಳುವುದಿಲ್ಲ. ಕರು ಹಾಕಿದ ಮೇಲೆ ಹಿಂಡಿಯನ್ನು ದಿನಕ್ಕೆ ಕಾಲು ಅರ್ಧ ಕಿಲೋದಂತೆ ಏರಿಸಿ, ಒಳ್ಳೆಯ ಹುಲ್ಲು ಸದಾ ಮುಂದಿರಲಿ, ನೀರು ಸದಾ ತೊಟ್ಟಿಯಲ್ಲಿರಲಿ. ವಿಟಮಿನ್ ಇ, ಸೆಲೆನಿಯಂ ಚುಚ್ಚುಮದ್ದು ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಲಿ. ಹಿಂದಿನ ಸೂಲಿನಲ್ಲಿ ಮಾಸು ನಿಂತಿದ್ದರೆ ಅವರಿಗೆ ತಪ್ಪದೆ ಹೇಳಿರಿ.

ಕೊಯ್ಲಿನ ಕಾಲದಲ್ಲಿ ಕರು ಹಾಕುವ ಆಕಳಿದ್ದರೆ, ದಿನಕ್ಕೆರಡು ಬಾರಿ ಬಾನಿಯಲ್ಲಿ ಎಷ್ಟು ಉಳಿದಿದೆಯೆಂದು ನೋಡುವ ಕೆಲಸವನ್ನು ಮನೆಯ ಒಬ್ಬರಿಗೆ ಗೊತ್ತುಮಾಡಿ ಒಪ್ಪಿಸಿರಿ. ನಮ್ಮ ಮನೆಯಲ್ಲಿ ಈಗ ಅದು ನಮ್ಮ ತಾಯಿಯವರ ಪಾಲಿಗೆ ಬಂದಿದೆ. ಎಂಬತ್ತು ದಾಟಿದ ಅವರು ಕಣಕ್ಕೆ ಬರಲಾರರು, ಆದರೆ ಆಕಳು ಒಂದು ಹಿಡಿ ಬಿಟ್ಟರೂ ಅವರಿಗೆ ತಿಳಿಯುತ್ತದೆ.

ಹುಳಿಮಾವಿನ ಆಕಳು ಬದುಕಿತು. ಎರಡು ವಾರದಲ್ಲಿ ಹಿಂಡಿ ಮುಟ್ಟಿತು, ಆ ಸೂಲಿನಲ್ಲಿ 11 ಲೀಟರಿನ ಮೇಲೆ ಏರಲಿಲ್ಲ. ಈಗ ಮತ್ತೆ ಗಬ್ಬವಾಗಿದೆ, ಬಿಯರ್ ಬೂಸಾ ಅರ್ಧಕ್ಕಿಳಿದಿದೆಯೆಂದು ಹೋದ ತಿಂಗಳು ದೂರವಾಣಿಯಲ್ಲಿ ತಿಳಿಸಿದರು.

ಸಂಘದ ಕಚೇರಿಯಲ್ಲಿ ಮೂತ್ರದ ಕೀಟೋನ್ ಪರೀಕ್ಷೆಯ ಪಟ್ಟಿಗಳನ್ನು ತರಿಸಿ ಇಟ್ಟಿದ್ದೇವೆ. ಕರು ಹಾಕಿ ಐದರಿಂದ ಹದಿನೈದು ದಿನಗಳೊಳಗಿನ ಆಕಳಿರುವ ಸದಸ್ಯರು ಬೆಳಗಿನ ಮೂತ್ರವನ್ನು ತೊಳೆದ ಸೀಸೆಯಲ್ಲಿ ತಂದರೆ ನೋಡಿಕೊಡಲಾಗುವುದು. ಸೀಸೆಯ ಮೇಲೆ ಹೆಸರು ಮತ್ತು ಕರು ಹಾಕಿದ ತಾರೀಖು ಬರೆದಿರಲಿ. ಬಣ್ಣ ಏರಿದರೆ ಅದೇ ದಿನ ವೈದ್ಯರನ್ನು ಕಾಣಬೇಕು.